ಕಡಿಮೆ ಖರ್ಚಿನ ಮೊದಲ ಎಲೆಕ್ಟ್ರಿಕ್ ಆರ್‌ಸಿ ವಿಮಾನ: ಯಾವುದು ತಗೋಬೇಕು, ಯಾವುದು ಬೇಡ?

ಹೊಸರೆಕ್ಕೆ
ಎಲ್ಲರಿಗೂ ನಮಸ್ಕಾರ. ಆರ್‌ಸಿ (ರಿಮೋಟಿನಿಂದ ನಡೆಸೋ) ವಿಮಾನ ಹಾರಿಸೋದು ಕಲೀಬೇಕು, ಖರ್ಚು ಆದಷ್ಟು ಕಡಿಮೆ ಇರಬೇಕು. ಮೂರು ದಾರಿ ಕಾಣ್ತಾ ಇವೆ. ಒಂದು, ಎರಡು ಮೋಟರಿನ ಆಟಿಕೆ ಗ್ಲೈಡರ್. ಎರಡೇ ಚಾನೆಲ್ (ರಿಮೋಟಿನಿಂದ ಬೇರೆ ಬೇರೆಯಾಗಿ ನಡೆಸೋದು ಎರಡೇ), ಎಲಿವೇಟರ್ (ಮೂತಿ ಎತ್ತಿ ಇಳಿಸೋ ಬಾಲದ ಪಟ್ಟಿ) ಇಲ್ಲ, ರಿಮೋಟು ಬ್ಯಾಟರಿ ಎಲ್ಲ ಡಬ್ಬಿಯಲ್ಲೇ ಬರುತ್ತೆ. ಎರಡು, 75 ಸೆಂ.ಮೀ. ರೆಕ್ಕೆಯ ಪಿ-51 ಮಸ್ಟಾಂಗ್ ಯುದ್ಧವಿಮಾನದ ಮಾದರಿ, ನಾಲ್ಕು ಚಾನೆಲ್, ನೋಡೋಕೆ ಬಲು ಚೆಂದ. ಮೂರು, ಫೋಮ್‌ಬೋರ್ಡ್ ಕತ್ತರಿಸಿ ನಾನೇ ಮಾಡೋದು. ಅದಕ್ಕೆ 2212 ಮೋಟರ್ 2200 ಕೆವಿ, 30 ಆಂಪ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸೋ ಸರ್ಕ್ಯೂಟ್), 6 ಇಂಚಿನ ಪ್ರೊಪೆಲ್ಲರ್, ನಾಲ್ಕು 9 ಗ್ರಾಂ ಸರ್ವೊ (ಪಟ್ಟಿಗಳನ್ನ ಆಡಿಸೋ ಪುಟ್ಟ ಮೋಟರ್) ಸೇರಿರೋ ಕಾಂಬೊ ಸಿಗ್ತಾ ಇದೆ. ರೇಡಿಯೊ (ಕೈಯಲ್ಲಿ ಹಿಡಿಯೋ ರಿಮೋಟು) ಇನ್ನೂ ತಗೊಂಡಿಲ್ಲ. ಯಾವುದಕ್ಕೆ ದುಡ್ಡು ಹಾಕಿದ್ರೆ ದಂಡ ಆಗಲ್ಲ?

ಫೋಮ್‌ಬೋರ್ಡ್ ಮೇಷ್ಟ್ರು
ಮೂರನೆಯದು. ಆದ್ರೆ ಆ ಕಾಂಬೊ ಹಾಗೇ ತಗೊಳ್ಬೇಡಿ ಮಾರಾಯ್ರೆ, ಮೋಟರ್ ಬದಲಾಯಿಸ್ಲಿಕ್ಕೆ ಹೇಳಿ.

2200 ಕೆವಿ ಅಂದ್ರೆ ಒಂದು ವೋಲ್ಟಿಗೆ ನಿಮಿಷಕ್ಕೆ 2200 ಸುತ್ತು. 3ಎಸ್ (ಮೂರು ಸೆಲ್ ಸಾಲಾಗಿ ಸೇರಿದ) ಬ್ಯಾಟರಿಯ 11.1 ವೋಲ್ಟಿಗೆ ಹೊರೆ ಇಲ್ಲದಾಗ 24 ಸಾವಿರ ದಾಟ್ತದೆ. ಅದು ಸಣ್ಣ ಪ್ರೊಪೆಲ್ಲರ್ ಹಾಕಿ ಜೋರಾಗಿ ಓಡಿಸುವ ವಿಮಾನಕ್ಕೆ. ಕಲಿಯುವವರಿಗೆ ಬೇಕಾದ್ದು ದೊಡ್ಡ ಪ್ರೊಪೆಲ್ಲರ್, ನಿಧಾನ ಸುತ್ತು. 2212ರಲ್ಲೇ 1000 ಕೆವಿ ಉಂಟು, ಅದನ್ನು ತಗೊಳ್ಳಿ. 10×4.5 ಪ್ರೊಪೆಲ್ಲರ್ ಹಾಕಿದ್ರೆ 3ಎಸ್‌ನಲ್ಲಿ ಸುಮಾರು 800 ಗ್ರಾಂ ಎಳೆತ, ಕರೆಂಟು 15 ಆಂಪ್ ಆಸುಪಾಸು. 550 ಗ್ರಾಮಿನ ವಿಮಾನ ಅರ್ಧ ಥ್ರಾಟಲ್‌ನಲ್ಲೇ ಆರಾಮಾಗಿ ಹೋಗ್ತದೆ. ಇಎಸ್‌ಸಿ 20 ಆಂಪ್ ಸಾಕು, 30 ಇದ್ರೆ ಬಿಸಿ ಕಮ್ಮಿ.

ಮೂರುಸೆಲ್
+1. ಲೆಕ್ಕ ಬೇಕು ಅನ್ನೋರಿಗೆ: ಪ್ರೊಪೆಲ್ಲರ್ ಮೇಲಿನ ಎರಡನೇ ಅಂಕಿ ಪಿಚ್, ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನೋದು. 4.5 ಇಂಚು, ಹೊರೆ ಇದ್ದಾಗ ಸುಮಾರು 8000 ಸುತ್ತು ಅಂದ್ರೆ ಗಂಟೆಗೆ 55 ಕಿ.ಮೀ. ಹತ್ತಿರ. 6×3 ಪ್ರೊಪೆಲ್ಲರ್ 18 ಸಾವಿರ ಸುತ್ತು ತಿರುಗಿದ್ರೆ 82. ಎರಡನೇದರಲ್ಲಿ ಯೋಚನೆ ಮಾಡೋಷ್ಟರಲ್ಲಿ ವಿಮಾನ ಚುಕ್ಕಿ ಆಗಿರುತ್ತೆ.

2200 ಕೆವಿ ಮೋಟರಿಗೆ "ಎಳೆತ ಸಾಲದು" ಅಂತ 8 ಅಥವಾ 9 ಇಂಚಿನದು ಹಾಕೋ ಜನ ಇದಾರೆ. ದಯವಿಟ್ಟು ಬೇಡ. ಕರೆಂಟು ಒಂದೇ ಸಲ ಏರಿ ಮೋಟರಿನ ಒಳಗಿನ ತಂತಿಯ ಮೇಲಿನ ಲೇಪ ಸುಟ್ಟು ಹೋಗುತ್ತೆ, ಜೊತೆಗೆ ಇಎಸ್‌ಸಿನೂ ಹೋಗುತ್ತೆ.

ಬಾಲಭಾರ
ಮಸ್ಟಾಂಗ್ ತಗೊಳ್ಳಿ. ಕಲಿಕೆ ಮೊದಲ ದಿನವೇ ಮುಗಿಯುತ್ತೆ.

ಹೊಸರೆಕ್ಕೆ
ಹಹ್ಹ. ಸರಿ, ಆದ್ರೆ ಯಾಕೆ? ನಾಲ್ಕು ಚಾನೆಲ್ ತಾನೇ, ನಿಧಾನಕ್ಕೆ ಹಾರಿಸಿದ್ರೆ ಆಗಲ್ವಾ?

ಗಾಳಿಮಾತು
ನಿಧಾನಕ್ಕೆ ಹಾರಿಸೋಕೆ ಅದು ಬಿಡಲ್ಲ, ಅದೇ ತೊಂದರೆ.

ರೆಕ್ಕೆ ಕೆಳಗಡೆ, ಭಾರ ಅದರ ಮೇಲೆ. ವಾಲಿದ ವಿಮಾನ ತಾನಾಗಿ ಮಟ್ಟಕ್ಕೆ ಬರೋ ಗುಣ ಕಡಿಮೆ. ರೆಕ್ಕೆ ತುದಿಗೆ ಹೋಗ್ತಾ ಚೂಪಾಗುತ್ತೆ. ವೇಗ ಇಳಿದಾಗ ಅಂಥ ರೆಕ್ಕೆಯ ತುದಿಯೇ ಮೊದಲು ಸ್ಟಾಲ್ ಆಗೋದು (ಅಂದ್ರೆ ಎತ್ತೋ ಬಲ ಕಳ್ಕೊಳ್ಳೋದು), ಒಂದು ಬದಿ ಧಡಕ್ಕನೆ ಬೀಳುತ್ತೆ. ಇಳಿಸೋಕೆ ಅಂತ ವೇಗ ತಗ್ಗಿಸಿದಾಗಲೇ ಇದಾಗೋದು, ಆಗ ಕೆಳಗೆ ಹತ್ತಡಿ ಜಾಗವೂ ಇರಲ್ಲ.

ಟ್ರೇನರ್ ಅಂದ್ರೆ ಇದರ ಉಲ್ಟಾ. ರೆಕ್ಕೆ ಮೇಲೆ, ಅಗಲ ಉದ್ದಕ್ಕೂ ಒಂದೇ, ತುದಿಗಳು ಸ್ವಲ್ಪ ಎತ್ತಿರ್ತವೆ (ಡೈಹೆಡ್ರಲ್), ವಿಸ್ತೀರ್ಣಕ್ಕೆ ಹೋಲಿಸಿದ್ರೆ ತೂಕ ಕಡಿಮೆ. 100 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ರೆಕ್ಕೆ ಅಂದ್ರೆ 18 ಚದರ ಡೆಸಿಮೀಟರ್. ಅದರ ಮೇಲೆ 550 ಗ್ರಾಂ ಇದ್ರೆ ಚದರ ಡೆಸಿಮೀಟರಿಗೆ ಸುಮಾರು 30 ಗ್ರಾಂ. ಈ ಗಾತ್ರದಲ್ಲಿ 40ರ ಒಳಗಿದ್ರೆ ಹೊಸಬರ ಕೈಗೆ ಸಿಗುತ್ತೆ.

ಸೀದಾ ಹಾರು
ಇದು ಹಳೇ ಕಾಲದ ಮಾತು. ಈಗ ಬರೋ ಸಣ್ಣ ಮಸ್ಟಾಂಗ್‌ಗಳಲ್ಲಿ ಜೈರೊ (ವಾಲಿದ್ದನ್ನ ಗುರುತಿಸಿ ತಾನೇ ತಿದ್ದೋ ಸಾಧನ) ಇರುತ್ತೆ, ಬಿಗಿನರ್ ಮೋಡ್‌ನಲ್ಲಿ ಸ್ಟಿಕ್ ಬಿಟ್ರೆ ತಾನೇ ಮಟ್ಟ ಆಗುತ್ತೆ. 40 ಸೆಂ.ಮೀ. ಮಸ್ಟಾಂಗಿನಲ್ಲೇ ಎಷ್ಟೋ ಜನ ಕಲೀತಿದಾರೆ. ಹಗುರ ಇರೋದ್ರಿಂದ ಹುಲ್ಲಿಗೆ ಬಿದ್ರೂ ಏನಾಗಲ್ಲ.

ಗಾಳಿಮಾತು
40 ಸೆಂ.ಮೀ.ದು ಹಗುರ, ಒಪ್ಪಿದೆ. 75ರದ್ದು ಅದಕ್ಕಿಂತ ಬಹಳ ಭಾರ, ವೇಗವೂ ಹೆಚ್ಚು, ಬಿದ್ದಾಗ ಏಟೂ ಹೆಚ್ಚು. ಜೈರೊ ವಾಲಿದ್ದನ್ನ ಸರಿ ಮಾಡುತ್ತೆ, ವೇಗ ಕೊಡಲ್ಲ. ಸ್ಟಾಲ್ ಆದ ರೆಕ್ಕೆಯ ಐಲೆರಾನ್ (ಹಿಂದಿನ ಅಂಚಿನ ಆಡೋ ಪಟ್ಟಿ) ಇನ್ನೂ ಕೆಳಗಿಳಿಸಿದ್ರೆ ಆ ತುದಿ ಮತ್ತಷ್ಟು ಬೀಳುತ್ತೆ. ಜೈರೊ ಮಾಡೋದು ಅದನ್ನೇ.

ಸೋಲ್ಡರ್ ಹೊಗೆ
ಜೈರೊ ಬೇಕೋ ಬೇಡವೋ, ಜಗಳ ಆಮೇಲೆ ಆಡಿ. ಇದ್ರೆ ದಿಕ್ಕು ಪರೀಕ್ಷೆ ಮಾಡದೆ ಎಸೀಬೇಡಿ. ರೇಡಿಯೊದಲ್ಲಿ ಚಾನೆಲ್ ರಿವರ್ಸ್ ಮಾಡಿದ್ರೆ ಸ್ಟಿಕ್ ಸರಿಯಾಗುತ್ತೆ, ಜೈರೊದ ದಿಕ್ಕು ಬದಲಾಗಲ್ಲ. ಅದಕ್ಕೆ ಬೇರೆ ಸ್ವಿಚ್ಚೋ ಸೆಟ್ಟಿಂಗೋ ಇರುತ್ತೆ.

ವಿಮಾನ ಕೈಯಲ್ಲಿ ಹಿಡಿದು ಬಲ ರೆಕ್ಕೆ ಕೆಳಗೆ ವಾಲಿಸಿ: ಬಲ ಐಲೆರಾನ್ ಕೆಳಗೆ, ಎಡದ್ದು ಮೇಲೆ ಬರಬೇಕು. ಮೂತಿ ಕೆಳಗೆ ಮಾಡಿ: ಎಲಿವೇಟರ್ ಮೇಲೆ ಏಳಬೇಕು. ಮೂತಿಯನ್ನ ಬಲಕ್ಕೆ ತಿರುಗಿಸಿ: ರಡ್ಡರ್ (ಬಾಲದ ನಿಂತ ಪಟ್ಟಿ) ಎಡಕ್ಕೆ ಹೋಗಬೇಕು. ಒಂದು ಉಲ್ಟಾ ಇದ್ರೂ ಕೈಬಿಟ್ಟ ತಕ್ಷಣ ವಿಮಾನ ಸುರುಳಿ ಸುತ್ತುತ್ತೆ, ಸ್ಟಿಕ್‌ನಲ್ಲಿ ತಡೆಯೋಕೆ ಆಗಲ್ಲ.

ಕ್ರ್ಯಾಶ್ ಕಾಕಾ
ಆ ಎರಡು ಮೋಟರಿನ ಆಟಿಗಿ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ. ಅದರಾಗ ತಿರುಗೋದು ಹೆಂಗಂದ್ರ, ಬಲಕ್ಕ ಹೋಗಬೇಕಂದ್ರ ಎಡಗಡಿ ಮೋಟರ್ ಜೋರ್ ತಿರಗತೈತಿ, ಅಷ್ಟ. ಮ್ಯಾಲ ಹೋಗಾಕ ಥ್ರಾಟಲ್ ಏರಸ್ರಿ, ಕೆಳಗ ಬರಾಕ ಇಳಸ್ರಿ. ಮೂತಿ ಎತ್ತೂದು ಇಳಸೂದು ನಿಮ್ಮ ಕೈಯಾಗ ಇಲ್ಲ. ಗಾಳಿ ಒಂಚೂರು ಎದ್ದರ ಅದು ಹೋದಕಡೆ ನೀವ ಹೋಗಬೇಕು. ಸಣ್ಣ ಹುಡುಗರಿಗೆ, ಗಾಳಿ ಇಲ್ಲದ ಬಯಲಿನ್ಯಾಗ ಛಲೋ ಆಟ. ಆದರ ಅದರಿಂದ ವಿಮಾನ ಹಾರಸೂದು ಬರಂಗಿಲ್ರಿ. ಆ ರಿಮೋಟೂ ಮುಂದ ಯಾವುದಕ್ಕೂ ಉಪಯೋಗ ಇಲ್ಲ.

ಮೂರುಸೆಲ್
ಕಾಕಾ ಹೇಳಿದ ಕೊನೇ ಮಾತು ಮುಖ್ಯ. ಕಡಿಮೆ ಖರ್ಚು ಅಂದ್ರೆ ವಿಮಾನ ಅಗ್ಗ ಇರಬೇಕು, ರೇಡಿಯೊ ಮತ್ತು ಚಾರ್ಜರ್ ಅಲ್ಲ. ಆರು ಚಾನೆಲ್‌ನ ರೇಡಿಯೊ ಒಂದು ಸಲ ತಗೊಂಡ್ರೆ ಹತ್ತು ವಿಮಾನಕ್ಕೆ ಬರುತ್ತೆ. ಫ್ಲೈಸ್ಕೈ ಎಫ್‌ಎಸ್-ಐ6, ಜೊತೆಗೆ ಐಎ6ಬಿ ರಿಸೀವರ್, ಇಷ್ಟು ಧಾರಾಳ ಸಾಕು. ಮಾಡೆಲ್ ಮೆಮೊರಿ, ಎಕ್ಸ್‌ಪೊ (ಸ್ಟಿಕ್ ನಡುವಿನ ಹತ್ತಿರ ಚಲನೆ ಮೃದು ಮಾಡೋದು), ಡ್ಯುಯಲ್ ರೇಟ್ (ಚಲನೆ ಹೆಚ್ಚು ಕಡಿಮೆ ಮಾಡೋ ಸ್ವಿಚ್), ಎಲಿವಾನ್ ಮಿಕ್ಸಿಂಗ್ (ಎಲಿವೇಟರ್-ಐಲೆರಾನ್ ಒಂದೇ ಪಟ್ಟಿಯಲ್ಲಿ ಸೇರಿಸೋದು) ಎಲ್ಲ ಇದೆ. ತಗೊಳ್ಳುವಾಗ ಮೋಡ್ 2 ಅಂತ ಕೇಳಿ ತಗೊಳ್ಳಿ: ಎಡ ಸ್ಟಿಕ್ ಥ್ರಾಟಲ್-ರಡ್ಡರ್, ಬಲ ಸ್ಟಿಕ್ ಎಲಿವೇಟರ್-ಐಲೆರಾನ್. ಹತ್ತಿರದಲ್ಲಿ ಹಾರಿಸೋರು ಮೋಡ್ 1 ಬಳಸೋರಾದ್ರೆ ಅದನ್ನೇ ತಗೊಳ್ಳಿ, ತುರ್ತಿಗೆ ರೇಡಿಯೊ ಅವರ ಕೈಗೆ ಕೊಡಬಹುದು.

ಮನೆಗೆ ತಂದ ಮೇಲೆ ಮಾಡೋ ಮೊದಲ ಕೆಲಸ ಫೇಲ್‌ಸೇಫ್. ಸಿಗ್ನಲ್ ತಪ್ಪಿದ್ರೆ ಥ್ರಾಟಲ್ ಸೊನ್ನೆಗೆ ಬರಬೇಕು. ಪ್ರೊಪೆಲ್ಲರ್ ಬಿಚ್ಚಿ, ಮೋಟರ್ ಓಡಿಸಿ, ರೇಡಿಯೊ ಆಫ್ ಮಾಡಿ ನೋಡಿ. ಮೋಟರ್ ಓಡ್ತಾನೇ ಇದ್ರೆ ಸೆಟ್ ಆಗಿಲ್ಲ.

ಹೊಸರೆಕ್ಕೆ
ಗೊತ್ತಾಯ್ತು. ಹಾಗಾದ್ರೆ ಫೋಮ್‌ಬೋರ್ಡ್. ಐಲೆರಾನ್ ಇಲ್ಲದೆ ಮೂರು ಚಾನೆಲ್ ಮಾಡ್ಲಾ, ನಾಲ್ಕಾ?

ಬಾಲಭಾರ
ಶುರು ಆಯ್ತು ನೋಡಿ ಇನ್ನು.

ಸೀದಾ ಹಾರು
ನಾಲ್ಕು. ಹೇಗೂ ಐಲೆರಾನ್ ಕಲೀಲೇಬೇಕು, ಮತ್ತೆ ಅಭ್ಯಾಸ ಬದಲಾಯಿಸೋದು ಯಾಕೆ?

ಫೋಮ್‌ಬೋರ್ಡ್ ಮೇಷ್ಟ್ರು
ಮೂರು. ಎರಡು ಸರ್ವೊ ಉಳೀತದೆ, ರೆಕ್ಕೆಯಲ್ಲಿ ವಯರ್ ಇಲ್ಲ, ರೆಕ್ಕೆ ಮುರಿದ್ರೆ ಇನ್ನೊಂದು ಮಾಡ್ಲಿಕ್ಕೆ ಒಂದು ಹಾಳೆ ಮತ್ತು ಒಂದು ಸಂಜೆ ಸಾಕು. ಡೈಹೆಡ್ರಲ್ ಚೆನ್ನಾಗಿ ಕೊಡ್ಬೇಕು, ಅಷ್ಟೇ. ಒಂದು ಮೀಟರ್ ರೆಕ್ಕೆಯ ಒಂದು ಅರ್ಧವನ್ನು ಮೇಜಿಗೆ ಒತ್ತಿ ಹಿಡಿದಾಗ ಇನ್ನೊಂದರ ತುದಿ 14 ಸೆಂ.ಮೀ. ಮೇಲೆ ಇರ್ಬೇಕು. ಬದಿಗೆ ಸುಮಾರು 8 ಡಿಗ್ರಿ ಆಯ್ತು. ಇದಕ್ಕಿಂತ ಕಮ್ಮಿ ಕೊಟ್ರೆ ರಡ್ಡರ್ ಹಾಕಿದಾಗ ಮೂತಿ ತಿರುಗ್ತದೆ, ವಿಮಾನ ವಾಲುವುದೇ ಇಲ್ಲ; ಅಡ್ಡಡ್ಡ ಜಾರ್ತಾ ಹೋಗ್ತದೆ.

ಅಭ್ಯಾಸದ ಮಾತಿಗೆ ಉತ್ತರ ಉಂಟು: ರಡ್ಡರ್ ಸರ್ವೊದ ವಯರನ್ನು ರಿಸೀವರಿನ ಚಾನೆಲ್ 1ಕ್ಕೆ ಸಿಕ್ಕಿಸಿ. ಆಗ ತಿರುಗಿಸುವುದು ಬಲ ಸ್ಟಿಕ್‌ನಲ್ಲಿ. ನಾಳೆ ಐಲೆರಾನ್ ಬಂದ್ರೂ ಅದೇ ಬೆರಳು, ಅದೇ ಚಲನೆ.

ಗಾಳಿಮಾತು
ಚಾನೆಲ್ 1 ಉಪಾಯ ಎಲ್ಲರೂ ಮಾಡಬೇಕು. ಎಡ ಸ್ಟಿಕ್‌ನಲ್ಲಿ ರಡ್ಡರ್ ಕಲಿತು ಆಮೇಲೆ ಐಲೆರಾನ್‌ಗೆ ಹೋದವರು ಗಾಬರಿಯಲ್ಲಿ ಎಡ ಹೆಬ್ಬೆರಳನ್ನೇ ಆಡಿಸ್ತಾರೆ.

ಐಲೆರಾನ್ ಮಾಡೋದಾದ್ರೆ ಡೈಹೆಡ್ರಲ್ ಬದಿಗೆ 2-3 ಡಿಗ್ರಿ ಸಾಕು.

ಹೊಸರೆಕ್ಕೆ
ಮೂರೇ ಇರಲಿ. ಮೇಷ್ಟ್ರೇ, ಕಟ್ಟೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ.

ಫೋಮ್‌ಬೋರ್ಡ್ ಮೇಷ್ಟ್ರು
ಬೋರ್ಡ್ 5 ಮಿ.ಮೀ., ಎರಡೂ ಕಡೆ ಕಾಗದ ಇರುವಂಥದ್ದು. ತಗೊಳ್ಳುವಾಗ ತೂಕ ಹಾಕಿ. 50×75 ಸೆಂ.ಮೀ. ಹಾಳೆ 120 ಗ್ರಾಂ ಆಸುಪಾಸು ಇದ್ರೆ ಒಳ್ಳೇದು, 200 ದಾಟಿದ್ರೆ ಅದು ಚಿತ್ರ ಅಂಟಿಸ್ಲಿಕ್ಕೆ, ವಿಮಾನಕ್ಕಲ್ಲ.

ರೆಕ್ಕೆಗೆ 36 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಅಗಲದ ಹಾಳೆ ಬೇಕು, ಮಧ್ಯದಲ್ಲಿ ಮಡಚಿ ಮೇಲೆ ಕೆಳಗೆ ಎರಡು ಪದರ. ಹಾಳೆಯ ಉದ್ದ 75 ಮಾತ್ರ, ಆದ್ದರಿಂದ ಎರಡು ಅರ್ಧ ಬೇರೆ ಬೇರೆ ಮಾಡಿ ಮಧ್ಯದಲ್ಲಿ ಜೋಡಿಸಿ. ಮಡಿಕೆಯ ಜಾಗದಲ್ಲಿ ಒಳಗಿನ ಕಾಗದ ಮತ್ತು ಫೋಮ್ ಮಾತ್ರ ಕೊಯ್ಯಬೇಕು, ಹೊರಗಿನ ಕಾಗದಕ್ಕೆ ಬ್ಲೇಡ್ ತಾಗಬಾರದು. ಮುಂಚಿನ (ರೆಕ್ಕೆಯ ಮುಂದಿನ ಅಂಚಿನ) ಕಡೆ 3-4 ಸೆಂ.ಮೀ. ಒಳಗಿನ ಕಾಗದ ಸುಲಿದು ಮೇಜಿನ ಅಂಚಿಗೆ ಎಳೆದು ಬಾಗಿಸಿ, ದುಂಡು ಬರ್ತದೆ. ಒಳಗೆ ಉದ್ದಕ್ಕೆ ಸ್ಪಾರ್ (ರೆಕ್ಕೆಯ ಬೆನ್ನೆಲುಬು): 3 ಸೆಂ.ಮೀ. ಅಗಲದ ಎರಡು ಪಟ್ಟಿ ಒಂದರ ಮೇಲೊಂದು ಅಂಟಿಸಿದ್ರೆ 10 ಮಿ.ಮೀ. ಎತ್ತರ. ಮುಂಚಿನಿಂದ 5-6 ಸೆಂ.ಮೀ. ಹಿಂದೆ ಇಡಿ. ಆಮೇಲೆ ಹಿಂದಿನ ಅಂಚಿಗೆ ಹಾಟ್‌ಗ್ಲೂ ಬಿಟ್ಟು ಮಡಚಿ ಒತ್ತಿ, ಸಮತಟ್ಟು ಮೇಜಿನ ಮೇಲೆ ಭಾರ ಇಡಿ. ಇಲ್ಲಿ ರೆಕ್ಕೆ ತಿರುಚಿದ್ರೆ ಜೀವಮಾನವಿಡೀ ವಿಮಾನ ಒಂದು ಕಡೆ ಎಳೀತದೆ, ಟ್ರಿಮ್‌ನಲ್ಲಿ (ರೇಡಿಯೊದಲ್ಲಿ ಮಾಡುವ ಸಣ್ಣ ತಿದ್ದುಪಡಿ) ಪೂರ್ತಿ ಸರಿಯಾಗುವುದಿಲ್ಲ.

ನಡುವಿನ ಸೇರುವೆಗೆ ಒಳಗೆ ವಿ ಆಕಾರದ ಪ್ಲೈವುಡ್ ಅಥವಾ ಮರದ ಸ್ಕೇಲಿನ ತುಂಡು, ಹೊರಗೆ ಫೈಬರ್ ಟೇಪ್. ಎಲಿವೇಟರ್, ರಡ್ಡರಿನ ಹಿಂಜಿಗೆ (ಕೀಲಿಗೆ) ಬೇರೆ ಏನೂ ಬೇಡ: ಒಂದು ಕಡೆಯ ಕಾಗದ ಉಳಿಸಿ ಫೋಮನ್ನು 45 ಡಿಗ್ರಿ ಓರೆ ಕೊಯ್ದರೆ ಆಯ್ತು. ರೆಕ್ಕೆಯನ್ನು ಒಡಲಿಗೆ ಅಂಟಿಸ್ಲೇಬೇಡಿ. ಬಿದಿರು ಕಡ್ಡಿ ಎರಡು ತೂರಿಸಿ ರಬ್ಬರ್ ಬ್ಯಾಂಡ್ ಹಾಕಿ. ಬಿದ್ದಾಗ ರೆಕ್ಕೆ ಹಾರಿ ಬೀಳ್ಬೇಕು, ಮುರೀಬಾರದು.

ಕ್ರ್ಯಾಶ್ ಕಾಕಾ
ಹಾಟ್‌ಗ್ಲೂ ಕೈತುಂಬ ಸುರೀಬ್ಯಾಡ್ರಿ. ಬಾಲದ ಕಡೆ 10 ಗ್ರಾಂ ಗ್ಲೂ ಹೆಚ್ಚಾತಂದ್ರ ಮೂತಿಗೆ ಅದರ ಎರಡು ಮೂರು ಪಟ್ಟು ಭಾರ ಇಡಬೇಕಾಗ್ತದ, ಬಾಲ ದೂರ ಇರತೈತಲ್ಲ. ಮತ್ತ ಮುಂಜಾನಿ ಇಬ್ಬನಿ ಹುಲ್ಲಿನ್ಯಾಗ ಇಳಿದ್ರ ಕಾಗದ ಬಿಚ್ಚಕೊಂತ ಬರತೈತಿ. ಹೊಟ್ಟಿಗೆ, ರೆಕ್ಕಿ ಮುಂಚಿಗೆ ಪ್ಯಾಕಿಂಗ್ ಟೇಪ್ ಹಚ್ರಿ.

ಸೀದಾ ಹಾರು
ಇಷ್ಟೆಲ್ಲ ಯಾಕೆ? ಮಡಚಿದ ರೆಕ್ಕೆ ಬದಲು ಕೆಎಫ್ಎಂ2 ಮಾಡಿ. ಚಪ್ಪಟೆ ಹಾಳೆ ಒಂದು, ಅದರ ಮೇಲೆ ಮುಂಚಿನಿಂದ ಅರ್ಧ ಅಗಲದವರೆಗೆ ಇನ್ನೊಂದು ಹಾಳೆ. ಮುಗೀತು. ಕ್ಲೈನ್-ಫೋಗಲ್‌ಮನ್ ಮೆಟ್ಟಿಲು ಅಂತಾರೆ.

ಫೋಮ್‌ಬೋರ್ಡ್ ಮೇಷ್ಟ್ರು
ಅದೂ ಆಗ್ತದೆ, ಬೇಗ ಆಗ್ತದೆ. ಆದ್ರೆ ಮಡಚಿದ್ದು ತಿರುಚುವುದಿಲ್ಲ, ಒಳಗೆ ಟೊಳ್ಳು ಇರುವುದರಿಂದ ಗಟ್ಟಿ. ಕೆಎಫ್ಎಂಗೆ ಒಂದು ಮೀಟರ್ ಉದ್ದಕ್ಕೆ ಕಾರ್ಬನ್ ಪೈಪ್ ಬೇಕೇ ಬೇಕು, ಇಲ್ಲದಿದ್ರೆ ಜೋರಾಗಿ ಎಲಿವೇಟರ್ ಎಳೆದಾಗ ಮಧ್ಯಕ್ಕೆ ಮಡಚ್ತದೆ.

ಬಾಲಭಾರ
ಕೊಯ್ಯೋಕೆ ಸೋಮಾರಿತನ ಇರೋರಿಗೆ: ಮಲ್ಟಿಪ್ಲೆಕ್ಸ್ ಈಜಿಸ್ಟಾರ್, ಬಿಕ್ಸ್ಲರ್ ತರಹದ ರೆಡಿಮೇಡ್ ಇವೆ. 1.4 ಮೀಟರ್ ಹತ್ತಿರದ ರೆಕ್ಕೆ, ಮೋಟರ್ ಬೆನ್ನ ಮೇಲೆ, ಪ್ರೊಪೆಲ್ಲರ್ ಹಿಂದಕ್ಕೆ. ಮೂತಿ ಕುಟ್ಟಿದ್ರೆ ಫೋಮ್ ಅಷ್ಟೇ ಜಜ್ಜೋದು, ಪ್ರೊಪೆಲ್ಲರ್ ಶಾಫ್ಟು ಬದುಕ್ತವೆ. ಒಂದು ಗುಣ ನೆನಪಿರಲಿ: ಎಳೆತದ ಗೆರೆ ಮೇಲಿರೋದ್ರಿಂದ ಥ್ರಾಟಲ್ ಜಾಸ್ತಿ ಮಾಡಿದ್ರೆ ಮೂತಿ ಕೆಳಗೆ ಹೋಗುತ್ತೆ. ನೆಲದ ಹತ್ತಿರ ಗಾಬರಿಯಾಗಿ ಫುಲ್ ಥ್ರಾಟಲ್ ಕೊಟ್ರೆ ನೇರ ನೆಲಕ್ಕೆ. ಅರ್ಧಕ್ಕೆ ಏರಿಸಿ, ಜೊತೆಗೆ ಸ್ವಲ್ಪ ಎಲಿವೇಟರ್ ಎಳೀರಿ.

ಸೋಲ್ಡರ್ ಹೊಗೆ
ರಿಪೇರಿ ಮಾತು ಬಂದಿದ್ದಕ್ಕೆ ಒಂದು: ಸೂಪರ್‌ಗ್ಲೂ ಫೋಮನ್ನು ಕರಗಿಸುತ್ತೆ, ಯಾವ ವಿಮಾನಕ್ಕೂ ಹಾಕಬೇಡಿ.

ಬಾಲಭಾರ
ಎಲ್ಲ ಫೋಮನ್ನೂ ಅಲ್ಲ. ಥರ್ಮೊಕೋಲ್ ತರಹದ ಇಪಿಎಸ್, ಡೆಪ್ರಾನ್ ಕರಗುತ್ತೆ, ಫೋಮ್‌ಬೋರ್ಡಿನ ಒಳಗಿನದ್ದೂ ಕರಗುತ್ತೆ. ಇಪಿಒ, ಇಪಿಪಿ (ರೆಡಿಮೇಡ್ ವಿಮಾನಗಳ ಬಾಗೋ ಫೋಮ್) ಎರಡಕ್ಕೂ ಮಾಮೂಲಿ ಸೂಪರ್‌ಗ್ಲೂ ಹಿಡಿಯುತ್ತೆ. ಇಪಿಒ ಮೂತಿ ಜಜ್ಜಿ ಸುಕ್ಕಾಗಿದ್ರೆ ಕುದಿಯೋ ನೀರು ಹುಯ್ಯಿರಿ ಅಥವಾ ಹಬೆ ಹಿಡೀರಿ, ಬಹಳ ಮಟ್ಟಿಗೆ ಉಬ್ಬಿ ಹಳೇ ಆಕಾರಕ್ಕೆ ಬರುತ್ತೆ.

ಹೊಸರೆಕ್ಕೆ
ಬ್ಯಾಟರಿ? ಹೆಚ್ಚು ಹೊತ್ತು ಹಾರಲಿ ಅಂತ 2200 ಎಂಎಎಚ್ ತಗೋಬಹುದಾ?

ಮೂರುಸೆಲ್
ಬೇಡ. 3ಎಸ್ 2200 ಸುಮಾರು 180 ಗ್ರಾಂ, 1300 ಆದ್ರೆ 110-120. ಹಗುರ ವಿಮಾನಕ್ಕೆ ಆ 60-70 ಗ್ರಾಂ ಗೊತ್ತಾಗುತ್ತೆ: ಇಳಿಯೋ ವೇಗ ಜಾಸ್ತಿ, ಬಿದ್ದಾಗ ಮುಂದಿನ ಗೋಡೆ ಸೀಳಿಕೊಂಡು ಬ್ಯಾಟರಿ ಹೊರಗೆ ಬರುತ್ತೆ. ಅದೇ ದುಡ್ಡಿಗೆ 1300ದು ಎರಡು ತಗೊಳ್ಳಿ.

1300ರಲ್ಲಿ ಶೇ. 80 ಬಳಸಿದ್ರೆ 1040 ಎಂಎಎಚ್. ಸರಾಸರಿ 8 ಆಂಪ್ ಅಂತ ಹಿಡಿದ್ರೂ ಏಳೂ ಮುಕ್ಕಾಲು ನಿಮಿಷ ಬರುತ್ತೆ. ರೇಡಿಯೊ ಟೈಮರ್ 6ಕ್ಕೆ ಇಡಿ. ಇಳಿಸೋಕೆ ಒಂದೆರಡು ಸಲ ತಪ್ಪಿದ್ರೆ ಮತ್ತೆ ಸುತ್ತು ಬರೋಕೆ ಬೇಕಲ್ಲ. ಇಳಿದ ಮೇಲೆ ಸೆಲ್ ಒಂದಕ್ಕೆ 3.7 ವೋಲ್ಟ್ ಆಸುಪಾಸು ತೋರಿಸಿದ್ರೆ ಸರಿ. 3.5ಕ್ಕೆ ಬಂದಿದ್ರೆ ಟೈಮರ್ ಕಡಿಮೆ ಮಾಡಿ. ಹೊರೆ ಇದ್ದಾಗಲೂ 3.0ಕ್ಕಿಂತ ಕೆಳಗೆ ಹೋಗಬಾರದು, ಹೋದ್ರೆ ಆ ಸೆಲ್ ಊದ್ಕೊಳ್ಳೋದು ಗ್ಯಾರಂಟಿ.

ಚಾರ್ಜಿಂಗ್ 1ಸಿ, ಅಂದ್ರೆ ಸಾಮರ್ಥ್ಯದ ಒಂದು ಪಟ್ಟು, ಇಲ್ಲಿ 1.3 ಆಂಪ್, ಯಾವಾಗಲೂ ಬ್ಯಾಲೆನ್ಸ್ (ಸೆಲ್‌ಗಳನ್ನ ಸಮ ಮಾಡೋ) ಮೋಡ್. ಫುಲ್ ಅಂದ್ರೆ ಸೆಲ್ಲಿಗೆ 4.2. ಎರಡು ಮೂರು ದಿನ ಹಾರಿಸಲ್ಲ ಅಂದ್ರೆ 3.8-3.85ಕ್ಕೆ ತಂದಿಡಿ. ಫುಲ್ ಚಾರ್ಜ್‌ನಲ್ಲೇ ವಾರಗಟ್ಟಲೆ ಬಿಟ್ಟ ಬ್ಯಾಟರಿ ಹಾರಿಸದೇನೇ ಮುದಿಯಾಗುತ್ತೆ. ಅದಕ್ಕೇ ಚಾರ್ಜರಿನಲ್ಲಿ ಜಿಪುಣತನ ಬೇಡ ಅಂದಿದ್ದು: ಬಿ3 ಮಾದರಿಯ ಸಣ್ಣ ಡಬ್ಬಿಯಲ್ಲಿ ಸ್ಟೋರೇಜ್ ಮೋಡ್ ಇಲ್ಲ, ಬಿ6 ಮಾದರಿಯಲ್ಲಿ ಇದೆ.

ಸೋಲ್ಡರ್ ಹೊಗೆ
ಬ್ಯಾಟರಿ ಮೇಲಿನ "ಸಿ" ಅಂಕಿಯನ್ನ ಪೂರ್ತಿ ನಂಬಬೇಡಿ, ಅರ್ಧ ಅಂತ ಲೆಕ್ಕ ಹಾಕಿ. 1300 ಎಂಎಎಚ್ 25ಸಿ ಅಂದ್ರೆ ಕಾಗದದ ಮೇಲೆ 32 ಆಂಪ್. ನಿಜಕ್ಕೂ 16 ಸಲೀಸಾಗಿ ಕೊಟ್ರೂ ಈ ಮೋಟರಿಗೆ ಸಾಕು. ಊದಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆಯೋ ಸಲಹೆ ಎಲ್ಲಾದ್ರೂ ಕಂಡ್ರೆ ಓದದೆ ಮುಂದೆ ಹೋಗಿ, ಬೆಂಕಿ ಹತ್ತುತ್ತೆ. ಚಾರ್ಜ್ ಮಾಡುವಾಗ ಹಾಸಿಗೆ, ಸೋಫಾ ಮೇಲೆ ಇಡಬೇಡಿ, ಕಣ್ಣಳತೆಯಲ್ಲೇ ಇರಲಿ.

ಸೀದಾ ಹಾರು
18650 ಸೆಲ್ (ಲ್ಯಾಪ್‌ಟಾಪ್ ಬ್ಯಾಟರಿಯೊಳಗಿನ ದುಂಡು ಸೆಲ್) ಮೂರು ಸೇರಿಸಿ ಪ್ಯಾಕ್ ಮಾಡಿದ್ರೆ ಅಗ್ಗ ಅಲ್ವಾ?

ಮೂರುಸೆಲ್
ಲ್ಯಾಪ್‌ಟಾಪ್‌ನಿಂದ ಕಿತ್ತಿರೋದಾದ್ರೆ 15 ಆಂಪ್ ಕೇಳಿದ ತಕ್ಷಣ ವೋಲ್ಟೇಜ್ ಕುಸಿದು ಇಎಸ್‌ಸಿ ಮೋಟರ್ ನಿಲ್ಲಿಸುತ್ತೆ. ಹೆಚ್ಚು ಕರೆಂಟು ಕೊಡೋ ಸೆಲ್‌ಗಳಿವೆ, ಗ್ಲೈಡರಿಗೆ ಚೆನ್ನ. ಅದು ಎರಡನೇ ವಿಮಾನದ ವಿಷಯ.

ಬಾಲಭಾರ
ಎಲೆಕ್ಟ್ರಿಕ್ ಆರ್‌ಸಿ ಅಂದ್ರೆ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಬಂದ ಮೇಲಿನ ಹುಚ್ಚು ಅನ್ಕೋಬೇಡಿ. 1957ರಲ್ಲೇ ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ "ರೇಡಿಯೊ ಕ್ವೀನ್" ವಿಮಾನವನ್ನ ಸಿಲ್ವರ್-ಜಿಂಕ್ ಬ್ಯಾಟರಿಯಲ್ಲಿ ಹಾರಿಸಿದ್ರು.

ಕ್ರ್ಯಾಶ್ ಕಾಕಾ
ಹೌದ್ರಿ. ಅವರಿಗೂ ಭಾರದ್ದ ಚಿಂತಿ ಇದ್ದಿರಬೇಕು. ಈಗ ಇತಿಹಾಸ ಬಿಟ್ಟು ಸಿಜಿ (ಭಾರದ ಕೇಂದ್ರ) ಹೇಳ್ರಿ ಯಾರರ, ಹುಡುಗ ಅದನ್ನ ಕೇಳಲೇ ಇಲ್ಲ.

ಗಾಳಿಮಾತು
ಕೇಳದೇ ಇರೋದನ್ನೇ ಹೇಳಬೇಕು, ಮೊದಲ ಹಾರಾಟದಲ್ಲಿ ವಿಮಾನ ಹಾಳಾಗೋದು ಬಹುಪಾಲು ಇದರಿಂದಲೇ.

ರೆಕ್ಕೆಯ ಅಗಲದ ಶೇ. 25ರಿಂದ 30ರಲ್ಲಿ ಭಾರದ ಕೇಂದ್ರ ಇರಬೇಕು. 18 ಸೆಂ.ಮೀ. ಅಗಲಕ್ಕೆ ಮುಂಚಿನಿಂದ 4.5 ರಿಂದ 5.4 ಸೆಂ.ಮೀ. ರೆಕ್ಕೆಯ ಅಡಿಯಲ್ಲಿ ಎರಡೂ ಕಡೆ ಪೆನ್ನಲ್ಲಿ ಗುರುತು ಹಾಕಿ. ಬ್ಯಾಟರಿ, ಪ್ರೊಪೆಲ್ಲರ್, ಟೇಪು ಎಲ್ಲ ಹಾಕಿದ ಮೇಲೆ ಆ ಗುರುತಿನ ಕೆಳಗೆ ಎರಡು ಬೆರಳು ಇಟ್ಟು ಎತ್ತಿ. ಮಟ್ಟವಾಗಿ ನಿಂತರೆ ಸರಿ, ಮೂತಿ ಕೂದಲೆಳೆಯಷ್ಟು ಕೆಳಗಿದ್ರೆ ಇನ್ನೂ ಒಳ್ಳೇದು. ಬಾಲ ಇಳಿದ್ರೆ ಹಾರಿಸಬೇಡಿ. ಮೊದಲು ಬ್ಯಾಟರಿ ಮುಂದಕ್ಕೆ ತಳ್ಳಿ. ಅದಕ್ಕೇ ಬ್ಯಾಟರಿ ಜಾಗ ಉದ್ದ ಬಿಟ್ಟು ವೆಲ್ಕ್ರೊ ಹಚ್ಚೋದು. ಸಾಲದಿದ್ರೆ ಆಮೇಲೆ ಸೀಸ.

ಬಾಲ ಭಾರ ಇದ್ರೆ ಏನಾಗುತ್ತೆ ಅಂದ್ರೆ, ಎಸೆದ ಕೂಡಲೇ ಮೂತಿ ಎತ್ತುತ್ತೆ. ನೀವು ಕೆಳಕ್ಕೆ ಒತ್ತುತ್ತೀರಿ, ಅದು ಬೇಕಾದ್ದಕ್ಕಿಂತ ಹೆಚ್ಚು ಇಳಿಯುತ್ತೆ. ಎಳೀತೀರಿ, ಮತ್ತೆ ಹೆಚ್ಚು ಏಳುತ್ತೆ. ಮೂರನೇ ಸಲಕ್ಕೆ ವೇಗ ಸತ್ತು ಸ್ಟಾಲ್. ನೋಡೋರಿಗೆ "ಎಲಿವೇಟರ್ ಜಾಸ್ತಿ ಆಡಿಸಿದ" ಅನ್ನಿಸುತ್ತೆ, ನಿಜವಾಗಿ ಸಿಜಿ ಹಿಂದಿತ್ತು. ಮೂತಿ ಭಾರ ಇದ್ರೆ ವಿಮಾನ ಮಂಕಾಗಿ, ಜೋರಾಗಿ ಇಳಿಯುತ್ತೆ, ಆದ್ರೆ ಕೈಗೆ ಸಿಗುತ್ತೆ.

ಬಾಲಭಾರ
ನನ್ನ ಹೆಸರಿಗೆ ಮಸಿ ಬಳಿದಿದ್ದಕ್ಕೆ ಧನ್ಯವಾದ.

ಸೀದಾ ಹಾರು
ಉದ್ದ ಹುಲ್ಲಿನ ಮೇಲೆ ಮೋಟರ್ ಇಲ್ಲದೆ ಎಸೆದು ನೋಡಿ, ಸಿಜಿ ಗೊತ್ತಾಗುತ್ತೆ.

ಗಾಳಿಮಾತು
ಹಗುರ ಗ್ಲೈಡರಿಗೆ ಸರಿ. ಮೋಟರ್ ಮುಂದಿರೋ ಇಂಥದ್ದಕ್ಕೆ ಕೈಯಿಂದ ಸಿಗೋ ವೇಗ ಸಾಲಲ್ಲ, ಸರಿ ಇರೋ ವಿಮಾನವೂ ದೊಪ್ಪಂತ ಬಿದ್ದು ಪ್ರೊಪೆಲ್ಲರ್ ಮುರಿಯುತ್ತೆ. ಬೆರಳ ಮೇಲೆ ಎತ್ತಿ ನೋಡೋದೇ ನಂಬಿಕೆಯ ದಾರಿ.

ಸೋಲ್ಡರ್ ಹೊಗೆ
ಹೊಸರೆಕ್ಕೆ, ವಯರಿಂಗ್ ಮುಗಿದ ಮೇಲೆ ಇಷ್ಟು ನೋಡಿ. ಎಲ್ಲ ಪ್ರೊಪೆಲ್ಲರ್ ಬಿಚ್ಚಿಟ್ಟೇ. ಮೋಟರ್ ಉಲ್ಟಾ ತಿರುಗಿದ್ರೆ ಮೂರು ವಯರಲ್ಲಿ ಯಾವುದಾದ್ರೂ ಎರಡನ್ನ ಅದಲು ಬದಲು ಮಾಡಿ. ಬ್ಯಾಟರಿಯ ಕೆಂಪು ಕಪ್ಪು ಮಾತ್ರ ಅದಲು ಬದಲು ಮಾಡಬೇಡಿ, ಇಎಸ್‌ಸಿ ಆ ಕ್ಷಣವೇ ಸುಡುತ್ತೆ. ಥ್ರಾಟಲ್ ಕ್ಯಾಲಿಬ್ರೇಶನ್: ರೇಡಿಯೊ ಆನ್, ಸ್ಟಿಕ್ ಫುಲ್, ಬ್ಯಾಟರಿ ಸಿಕ್ಕಿಸಿ, ಬೀಪ್ ಬಂದ ಮೇಲೆ ಸ್ಟಿಕ್ ಪೂರ್ತಿ ಕೆಳಗೆ. ಬಹುತೇಕ ಇಎಸ್‌ಸಿಗಳಿಗೆ ಇಷ್ಟೇ.

ಪ್ರೊಪೆಲ್ಲರ್ ಹಾಕುವಾಗ ಅಂಕಿ ಬರೆದಿರೋ ಮುಖ ವಿಮಾನ ಹೋಗೋ ದಿಕ್ಕಿಗೆ ಇರಬೇಕು. ಮೋಟರ್ ಮುಂದಿರಲಿ, ಹಿಂದಿರಲಿ, ಇದೇ ನಿಯಮ. ಉಲ್ಟಾ ಹಾಕಿದ್ರೂ ಗಾಳಿ ಬರುತ್ತೆ, ಸದ್ದೂ ಬರುತ್ತೆ, ಎಳೆತ ಮಾತ್ರ ಬಹಳ ಕಡಿಮೆ.

ಸರ್ವೊ ತೋಳಿನಲ್ಲಿ ಒಳಗಿನ ತೂತು, ಕಂಟ್ರೋಲ್ ಹಾರ್ನ್‌ನಲ್ಲಿ (ಆಡೋ ಪಟ್ಟಿಗೆ ಅಂಟಿಸಿರೋ ತೋಳು) ಹೊರಗಿನ ತೂತು ಬಳಸಿ, ಆಗ ಚಲನೆ ಕಡಿಮೆಯಾಗಿ ಬಲ ಹೆಚ್ಚುತ್ತೆ. ಎಲಿವೇಟರ್ ಮೇಲೆ ಕೆಳಗೆ 10-12 ಮಿ.ಮೀ., ರಡ್ಡರ್ ಆಚೀಚೆ 20-25. ಎಕ್ಸ್‌ಪೊ ಶೇ. 30.

ಹೊಸರೆಕ್ಕೆ
ಸಿಮ್ಯುಲೇಟರ್ ಬೇಕಾ? ದುಡ್ಡು ಕೊಟ್ಟು ತಗೊಳ್ಳೋಕೆ ಮನಸ್ಸಿಲ್ಲ.

ಮೂರುಸೆಲ್
ಪಿಕಾಸಿಮ್ ಉಚಿತ. ರೇಡಿಯೊವನ್ನ ಕಂಪ್ಯೂಟರಿಗೆ ಸೇರಿಸೋ ಯುಎಸ್‌ಬಿ ಕೇಬಲ್ ಒಂದು ತಗೊಳ್ಳಿ. ಮೊಬೈಲ್ ತೆರೆ ಮೇಲೆ ಬೆರಳಾಡಿಸಿದ್ರೆ ಸ್ಟಿಕ್ಕಿನ ಅಭ್ಯಾಸ ಬರಲ್ಲ. ಲೂಪು, ರೋಲು ಬಿಡಿ. ನಿಮ್ಮ ಕಡೆಗೇ ಬರೋ ವಿಮಾನವನ್ನ ಎಂಟರ ಆಕಾರದಲ್ಲಿ ತಿರುಗಿಸೋದನ್ನೇ ಮಾಡ್ತಾ ಇರಿ. ಎದುರು ಬರುವಾಗ ಎಡ ಬಲ ತಿರುವುಮುರುವು ಆಗುತ್ತೆ. ಯಾವ ರೆಕ್ಕೆ ಕೆಳಗೆ ಬಿದ್ದಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ, ಆನಿಸಿ ಹಿಡಿದ ಹಾಗೆ. ವಿಮಾನ ಮಟ್ಟ ಆಗುತ್ತೆ.

ಗಾಳಿಮಾತು
ಮೊದಲ ದಿನದ್ದು ಹೇಳಿಬಿಡ್ತೀನಿ. ಬೆಳಗ್ಗೆ ಬೇಗ, ಗಾಳಿ ಗಂಟೆಗೆ 10 ಕಿ.ಮೀ. ಒಳಗೆ, ಸೂರ್ಯ ಬೆನ್ನಿಗೆ. ಎಸೆಯೋಕೆ ಇನ್ನೊಬ್ಬರು ಇರಲಿ, ನಿಮ್ಮ ಎರಡೂ ಹೆಬ್ಬೆರಳು ಸ್ಟಿಕ್ ಮೇಲಿರಲಿ. ಗಾಳಿಗೆ ಎದುರಾಗಿ, ನೆಲಕ್ಕೆ ಸಮನಾಗಿ, ಈಟಿ ಎಸೆದ ಹಾಗೆ ನೇರ ತಳ್ಳಬೇಕು. ಆಕಾಶಕ್ಕೆ ಗುರಿಯಿಟ್ಟು ಎಸೆಯೋರೇ ಹೆಚ್ಚು, ಅದೇ ಸ್ಟಾಲ್‌ಗೆ ದಾರಿ. ಥ್ರಾಟಲ್ ಮುಕ್ಕಾಲು, ಎಳೆತ ಸಿಕ್ಕ ಮೇಲೆ ಕೈ ಬಿಡಬೇಕು. ಟಾರ್ಕ್‌ನಿಂದ ಎಡಕ್ಕೆ ವಾಲೋದು ಸಹಜ, ಸ್ವಲ್ಪ ಬಲ ಕೊಡೋಕೆ ಸಿದ್ಧವಾಗಿರಿ.

30 ಮೀಟರ್ ಏರೋವರೆಗೆ ತಿರುಗಿಸಬೇಡಿ. ಆಮೇಲೆ ಥ್ರಾಟಲ್ ಅರ್ಧಕ್ಕೆ ಇಳಿಸಿ, ಸ್ಟಿಕ್ ಬಿಟ್ಟು ಎತ್ತ ಹೋಗುತ್ತೆ ನೋಡಿ, ಟ್ರಿಮ್ ಹಾಕಿ. ಥ್ರಾಟಲ್ ಏರಿಸಿದಾಗೆಲ್ಲ ಮೂತಿ ಜಿಗಿದ್ರೆ ಮೋಟರಿನ ಮೇಲಿನ ಎರಡು ಸ್ಕ್ರೂ ಹಿಂದೆ ವಾಷರ್ ಹಾಕಿ ಕೆಳಕ್ಕೆ 2-3 ಡಿಗ್ರಿ ಓರೆ ಮಾಡಿ. ಎಡಕ್ಕೆ ಎಳೆದ್ರೆ ಎಡಗಡೆ ವಾಷರ್.

ಇಳಿಸೋದೂ ಗಾಳಿಗೆ ಎದುರಾಗಿಯೇ. ನೆಲಕ್ಕೆ ಒಂದು ಮೀಟರ್ ಇದ್ದಾಗ ಥ್ರಾಟಲ್ ಪೂರ್ತಿ ತೆಗೀರಿ. ಪ್ರೊಪೆಲ್ಲರ್ ಹುಲ್ಲಿಗೆ ಸಿಕ್ಕಿ ನಿಂತಾಗ ಥ್ರಾಟಲ್ ಇದ್ರೆ ಇಎಸ್‌ಸಿ ಸುಡೋದು ಆಗಲೇ.

ಕ್ರ್ಯಾಶ್ ಕಾಕಾ
10 ಇಂಚಿನ ಪ್ರೊಪೆಲ್ಲರ್ ಹೊಟ್ಟಿ ಮ್ಯಾಲ ಇಳಿಸಿದ್ರ ಮುರೀತದ್ರಿ. ನಟ್ ಹಾಕಿ ಬಿಗಿಯೂ ಬದಲು ಪ್ರಾಪ್ ಸೇವರ್ ಹಾಕ್ರಿ, ರಬ್ಬರ್ ರಿಂಗ್ ಮ್ಯಾಲ ಕುಂತಿರತೈತಿ, ಬಡದ್ರ ವಾಲತೈತಿ. ಆದರೂ ನಾಕು ಪ್ರೊಪೆಲ್ಲರ್ ಹೆಚ್ಚಿಗಿ ಇಟ್ಕೋರಿ.

ಹೊಸರೆಕ್ಕೆ
ಪಟ್ಟಿ ಸಿದ್ಧ ಆಯ್ತು. ಕೊನೇದೊಂದು: ರೆಕ್ಕೆಗೆ ರಬ್ಬರ್ ಬ್ಯಾಂಡ್ ಎಷ್ಟು? ನಾಲ್ಕು ಸಾಕಾ?

ಫೋಮ್‌ಬೋರ್ಡ್ ಮೇಷ್ಟ್ರು
ಈ ತೂಕಕ್ಕೆ ಆರು. ಮೊದಲ ನಾಲ್ಕು ನೇರ ಮುಂದಿನಿಂದ ಹಿಂದಕ್ಕೆ, ಕೊನೆಯ ಎರಡು ಅಡ್ಡ ಗುಣಿಸು ಚಿಹ್ನೆಯ ಹಾಗೆ. ಅಡ್ಡ ಹಾಕಿದ್ದು ಉಳಿದವು ಜಾರದ ಹಾಗೆ ಹಿಡೀತದೆ. ಬ್ಯಾಂಡ್ ಒತ್ತುವ ಅಂಚಿಗೆ ಐಸ್‌ಕ್ರೀಮ್ ಕಡ್ಡಿ ಅಂಟಿಸಿ, ಇಲ್ಲಾಂದ್ರೆ ಫೋಮ್ ಕೊರೀತದೆ. ಬಿಸಿಲಲ್ಲಿ ಬಿಟ್ಟ ಬ್ಯಾಂಡ್ ಎಳೆದಾಗ ಬಿರುಕು ಕಂಡ್ರೆ ಎಸೆದುಬಿಡಿ.

ಬಾಲಭಾರ
ಆರೂ ಬಿಗಿಯಾಗಿದ್ರೆ ಬಿದ್ದಾಗ ರೆಕ್ಕೆ ಹಾರಿ ಬೀಳಲ್ಲ ಮೇಷ್ಟ್ರೇ.

ಫೋಮ್‌ಬೋರ್ಡ್ ಮೇಷ್ಟ್ರು
ಬೀಳ್ತದೆ. ರೆಕ್ಕೆ ಕೈಯಲ್ಲಿ ಹಿಡಿದು ಎತ್ತಿದಾಗ ಒಡಲಿನಿಂದ ಎದ್ದು ಸಂದು ಕಾಣಬಾರದು, ಪಕ್ಕಕ್ಕೆ ಜೋರಾಗಿ ತಳ್ಳಿದ್ರೆ ಜರುಗ್ಬೇಕು. ಅಷ್ಟು ಬಿಗಿ ನೋಡಿ ಹಾಕಿ.